ನಾಣ್ಯದ ಮೇಲಿನ ಮುಚ್ಚಿದ ಬಾಗಿಲು

ರೋಮಿನ ಜಾನುಸ್ ದೇವಾಲಯದ ಬಾಗಿಲು ಯುದ್ಧಕಾಲದಲ್ಲಿ ತೆರೆದಿರುತ್ತಿತ್ತು, ಶಾಂತಿಕಾಲದಲ್ಲಿ ಮುಚ್ಚಿರುತ್ತಿತ್ತು. ಮುಚ್ಚಿದ ಆ ಬಾಗಿಲನ್ನು ನೀರೋ ಚಕ್ರವರ್ತಿ ನಾಣ್ಯಗಳಲ್ಲಿ ಮುದ್ರಿಸಿ, ನೆಲದಲ್ಲೂ ಕಡಲಲ್ಲೂ ಶಾಂತಿ ನೆಲೆಸಿತೆಂದು ಬರೆಸಿದ. ಸಂಗ್ರಾಹಕರು ಇಂದಿಗೂ ಅವನ್ನು ಹುಡುಕಿ ಕೊಳ್ಳುತ್ತಾರೆ.

ಪಾರ್ಥಿಯದೊಡನೆ ಸಂಧಿಯಾದದ್ದು ನಿಜ. ಆದರೆ ಕ್ರಿ.ಶ. 64ರ ಬೆಂಕಿಯ ನಂತರ ರೋಮಿನ ಕ್ರೈಸ್ತರನ್ನು ಹಿಂಸಿಸಿ ಕೊಲ್ಲಿಸಿದವನೂ ಅವನೇ. ಅವರ ನೋವು ಆ ಶಾಂತಿಯ ಲೆಕ್ಕಕ್ಕೆ ಸೇರಲಿಲ್ಲ.

ನಾವೂ ಹೀಗೇ ಅಲ್ಲವೇ? ಪೂಜೆ ಯಾವ ಭಾಷೆಯಲ್ಲಿ ಎಂಬ ಮಾತೆದ್ದರೆ, "ಸುಮ್ಮನಿರಿ, ಶಾಂತಿಯಿರಲಿ" ಎಂದು ಬಾಗಿಲು ಹಾಕಿಬಿಡುತ್ತೇವೆ. ಪುನರುತ್ಥಾನರಾದ ಯೇಸು ಮುಚ್ಚಿದ ಬಾಗಿಲೊಳಗೆ ಬಂದು ಶಾಂತಿ ಕೋರಿದರು. ಕೂಡಲೇ ತಮ್ಮ ಗಾಯಗಳನ್ನೂ ತೋರಿಸಿದರು. ನೊಂದವರು ಗಾಯ ತೋರಿಸಲಾಗದ ಕಡೆ ಶಾಂತಿಯಿದೆ ಎನ್ನಲಾಗದು. ಮುಂದಿನ ಸಲ ಮಾತೆದ್ದಾಗ ಮೊದಲು ಕೇಳಿಸಿಕೊಳ್ಳೋಣ.