ಬೆನ್ನುಮೂಳೆ ಇಲ್ಲದವರ ಲೆಕ್ಕ

ಅಕ್ಕಿಹಿಟ್ಟಿನ ರಂಗೋಲಿ ಇಟ್ಟರೆ ಇರುವೆಗೂ ಒಂದು ತುತ್ತು ಸಿಗುತ್ತದೆ ಎನ್ನುತ್ತೇವೆ. ಅದೇ ಇರುವೆ ಸಕ್ಕರೆ ಡಬ್ಬಿಗೆ ನುಗ್ಗಿದರೆ ವಿಷದ ಚಾಕ್‌ಪೀಸಿನಿಂದ ಗೆರೆ ಎಳೆಯುವವರೂ ನಾವೇ. ಸಣ್ಣ ಜೀವಗಳನ್ನು ನಾವು ಒಂದೇ ತಕ್ಕಡಿಯಲ್ಲಿ ತೂಗಿದ್ದು ಕಡಿಮೆ.

ನೀರುಚಿಗಟದ ಬಗ್ಗೆ ಓದಿದಾಗಿನಿಂದ ಈ ಯೋಚನೆ ನನ್ನನ್ನು ಬಿಟ್ಟಿಲ್ಲ. ಡಾಫ್ನಿಯಾ ಎಂದು ಅದರ ಹೆಸರು. ಕೆರೆಕುಂಟೆಗಳ ಸಿಹಿನೀರಿನಲ್ಲಿರುವ, ಕೆಲವೇ ಮಿಲಿಮೀಟರ್ ಉದ್ದದ ಜೀವಿ. ಸೀಗಡಿಯ ದೂರದ ನೆಂಟ. ಮೈ ಎಷ್ಟು ತೆಳುವೆಂದರೆ ಸೂಕ್ಷ್ಮದರ್ಶಕದಡಿ ಹೃದಯ ಮಿಡಿಯುವುದೇ ಕಾಣುತ್ತದೆ. ಕಾಲ ಚೆನ್ನಾಗಿದ್ದರೆ ಗಂಡಿನ ನೆರವಿಲ್ಲದೆಯೇ ಹೆಣ್ಣು, ಹೆಣ್ಣುಮರಿಗಳನ್ನು ಹೆರುತ್ತದೆ. ಮೊಟ್ಟೆಗಳನ್ನು ಬೆನ್ನಿನ ಚೀಲದಲ್ಲಿ ಹೊತ್ತು ತಿರುಗುತ್ತದೆ.

ರಾಸಾಯನಿಕವೊಂದು ನೀರಿಗೆ ಸೇರಿದರೆ ಏನಾದೀತೆಂದು ತಿಳಿಯಲು, ಹುಟ್ಟಿ 24 ಗಂಟೆ ತುಂಬದ ಮರಿಗಳನ್ನು ಅದರಲ್ಲಿ ಬಿಡುತ್ತಾರೆ. ಒಂದೊಂದು ಪ್ರಮಾಣಕ್ಕೂ ಕನಿಷ್ಠ 20 ಮರಿ. 48 ಗಂಟೆಯಾದ ಮೇಲೆ ಪಾತ್ರೆಯನ್ನು ಮೆಲ್ಲಗೆ ಅಲುಗಿಸಿ, 15 ಸೆಕೆಂಡಿನೊಳಗೆ ಈಜದವನ್ನು ಎಣಿಸುತ್ತಾರೆ. ಅರ್ಧದಷ್ಟು ಮರಿಗಳನ್ನು ನಿಲ್ಲಿಸುವ ಪ್ರಮಾಣವೇ ವಿಷದ ಅಳತೆ. ಪರೀಕ್ಷೆ ಸರಿಯಾಗಿದೆಯೇ ಎಂದು ನೋಡಲು ಬಳಸುವುದು, ಕಾಲೇಜಿನ ಲ್ಯಾಬಿನಲ್ಲಿ ನಮ್ಮಲ್ಲಿ ಹಲವರು ಕಂಡಿರುವ ಕಿತ್ತಳೆ ಬಣ್ಣದ ಪೊಟ್ಯಾಸಿಯಂ ಡೈಕ್ರೋಮೇಟನ್ನು. ಅದು ವಂಶವಾಹಿಯನ್ನೇ ಕೆಡಿಸಬಲ್ಲ ವಸ್ತು. ಲೀಟರಿಗೆ ಒಂದೆರಡು ಮಿಲಿಗ್ರಾಂ ಸೇರಿದರೆ ಸಾಕು, ಅರ್ಧ ಮರಿಗಳು ಈಜು ನಿಲ್ಲಿಸುತ್ತವೆ.

ಆದರೆ ಇಂಥ ವಿಷದ ಪೆಟ್ಟೆಲ್ಲ ಎರಡು ದಿನದ ಲೆಕ್ಕಕ್ಕೆ ಸಿಗುವುದಿಲ್ಲ. ತಾಯಿ ಈಜುತ್ತಲೇ ಇರಬಹುದು, ಕೇಡು ಮುಂದಿನ ಪೀಳಿಗೆಯಲ್ಲಿ ಕಾಣಬಹುದು. ಅಮೆರಿಕದ ವಿಜ್ಞಾನಿ ಬ್ರೂಸ್ ಏಮ್ಸ್ ಇದಕ್ಕೆ ಬ್ಯಾಕ್ಟೀರಿಯಾದ ಪರೀಕ್ಷೆ ರೂಪಿಸಿದರು. ಅಂದಿನ ಹಲವು ಕೂದಲ ಬಣ್ಣಗಳು ವಂಶವಾಹಿಯನ್ನು ಕೆಡಿಸಬಲ್ಲವೆಂದು 1975ರಲ್ಲಿ ಅದೇ ಪರೀಕ್ಷೆ ತೋರಿಸಿತು. ಪ್ರಾಣಿಯಿಲ್ಲದೆ ತಿಳಿಯಬಹುದಾದದ್ದೂ ಇದೆ ಎಂದಾಯಿತು. ಆದರೆ ಕೆರೆಯ ಜೀವಕ್ಕೆ ಏನಾದೀತೆಂದು ಬ್ಯಾಕ್ಟೀರಿಯಾ ಒಂದೇ ಹೇಳಲಾರದು.

ಯುರೋಪಿನ 2010ರ ಕಾನೂನು ಪ್ರಯೋಗಾಲಯದಲ್ಲಿ ಬೆನ್ನುಮೂಳೆಯಿರುವ ಪ್ರಾಣಿಗಳಿಗೆ ರಕ್ಷಣೆ ಕೊಟ್ಟಿತು. ಬೆನ್ನುಮೂಳೆ ಇಲ್ಲದಿದ್ದರೂ ಆಕ್ಟೋಪಸ್‌ಗೂ ಕೊಟ್ಟಿತು, ನೋವು ಅದಕ್ಕೂ ಆಗುತ್ತದೆಂಬ ತಿಳಿವಳಿಕೆಯಿಂದ. ಡಾಫ್ನಿಯಾ ಗೆರೆಯ ಆಚೆಗೇ ಉಳಿಯಿತು. ಅಂದರೆ ಈ ಗೆರೆ ದೇವರು ಎಳೆದದ್ದಲ್ಲ, ನಮ್ಮ ತಿಳಿವಳಿಕೆಯೊಂದಿಗೆ ಸರಿಯುವಂಥದ್ದು.

ಹಾಗಾದರೆ ಪರೀಕ್ಷೆಯೇ ಬೇಡವೇ? ಬೇಡವೆನ್ನಲು ನನಗೆ ಬಾಯಿ ಬರುವುದಿಲ್ಲ. ಪರೀಕ್ಷಿಸದ ವಿಷ ಕೆರೆಗೆ ಹರಿದರೆ ಸಾಯುವುದು ಇಪ್ಪತ್ತು ಮರಿಯಲ್ಲ, ಇಡೀ ಕೆರೆ. ಆ ನೀರು ನಮ್ಮ ಮಕ್ಕಳ ಲೋಟಕ್ಕೂ ಬಂದೀತು. ಆದರೆ ಸಾವನ್ನು ಎಣಿಸಿ, ಅಳತೆಯನ್ನು ಬರೆದಿಟ್ಟು, ಅದೇ ವಿಷವನ್ನು ಮತ್ತೆ ನೀರಿಗೆ ಬಿಟ್ಟರೆ? ಆಗ ಆ ಮರಿಗಳು ಸತ್ತದ್ದು ಜ್ಞಾನಕ್ಕಾಗಿ ಅಲ್ಲ, ಕಡತಕ್ಕಾಗಿ. ಜೀವ ತೆತ್ತು ಪಡೆದ ತಿಳಿವಳಿಕೆ ಸಾಲವಿದ್ದಂತೆ. ಅದನ್ನು ತೀರಿಸುವುದು ಶುದ್ಧ ನೀರಿನಿಂದ ಮಾತ್ರ.