ವಾಸಿ ಮಾಡಿದವರು ಯಾರು?

ಕಾಯಿಲೆ ವಾಸಿಯಾದ ಮೇಲೆ ರೋಗಿ ಕೈ ಮುಗಿಯುವುದು ವೈದ್ಯರಿಗೆ. ಆ ಪುಣ್ಯ ಅವರೊಬ್ಬರದೇ?

ಚರಕಸಂಹಿತೆ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುತ್ತದೆ: ವೈದ್ಯ, ಔಷಧ, ಪರಿಚಾರಕ, ರೋಗಿ. ಪರಿಚಾರಕನಿಗೆ ಶುಚಿತ್ವ, ದಕ್ಷತೆಯ ಜೊತೆ ಅಕ್ಕರೆಯೂ ಬೇಕು. ರೋಗಿಗೂ ತನ್ನ ಬಾಧೆಯನ್ನು ಬಿಡಿಸಿ ಹೇಳುವ ಶಕ್ತಿ ಇರಬೇಕಂತೆ. ಆದರೂ ವೈದ್ಯನೇ ಪ್ರಧಾನ. ಕುಂಬಾರನಿಲ್ಲದೆ ಮಣ್ಣು, ಚಕ್ರ, ದಾರ ಏನು ಮಾಡಿಯಾವು ಎಂಬುದು ಗ್ರಂಥದ ವಾದ.

ಇದನ್ನು ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಒಯ್ದು ನೋಡಿದರೆ? ಕಫ ಪರೀಕ್ಷಿಸಿ ಕ್ಷಯವನ್ನು ಹಿಡಿಯುವವರು ಲ್ಯಾಬ್ ಟೆಕ್ನಿಷಿಯನ್. ವೈದ್ಯರು ಬರೆದ ಮಾತ್ರೆಯನ್ನು ಸಾಮಾನ್ಯವಾಗಿ 6 ತಿಂಗಳು ನುಂಗಬೇಕು. ಕೆಮ್ಮು ನಿಂತ ಕೂಡಲೇ ಬಿಟ್ಟುಬಿಡೋಣ ಅನ್ನಿಸುತ್ತದೆ. ಆಗ ಬಾಗಿಲಿಗೆ ಬಂದು ಗದರುವವರು ಆಶಾ ಕಾರ್ಯಕರ್ತೆ. ಇಲ್ಲಿ ಕುಂಬಾರ ಯಾರು?

ಗೀತೆಯ 18ನೇ ಅಧ್ಯಾಯದ ಪ್ರಕಾರ ಯಾವ ಕೆಲಸಕ್ಕೂ ಐದು ಕಾರಣ. ತಾನೊಬ್ಬನೇ ಕರ್ತೃ ಎಂದುಕೊಂಡವನ ತಿಳಿವಳಿಕೆ ಸಾಲದು. ಆರೋಗ್ಯ ಕೇಂದ್ರಕ್ಕೆ ಚರಕನಿಗಿಂತ ಈ ಮಾತು ಹೆಚ್ಚು ಒಪ್ಪುತ್ತದೆ.

ಅಪಾಯವೂ ಇದೆ. ಕರ್ತೃತ್ವ ಬಿಡಬೇಕೆಂಬ ಪಾಠ ಸಿಗುವುದು ಬಹುಮಟ್ಟಿಗೆ ಕೆಳಗಿನವರಿಗೇ! 2005ರಲ್ಲಿ ಶುರುವಾದ ಯೋಜನೆಯಲ್ಲಿ ಆಶಾಗಳು ಸ್ವಯಂಸೇವಕಿಯರು. ಅವರಿಗೆ ಸಂಬಳವಿಲ್ಲ, ಗೌರವಧನ, ಪ್ರೋತ್ಸಾಹಧನವಷ್ಟೇ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅವರನ್ನು ಗೌರವಿಸಿತು. 2025ರ ಜನವರಿಯಲ್ಲಿ ಕರ್ನಾಟಕದ ಆಶಾಗಳು ಗೌರವಧನ ಹೆಚ್ಚಿಸಿ ಎಂದು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಧರಣಿ ಕೂತಿದ್ದರು.