ಇಂದಿನ ಧಮ್ಮ ಚಿಂತನೆ: ಈರ್ಯಾನ ಕನಸು ಸುಳ್ಳೇ?



1977ರಲ್ಲಿ ‘ಘಟಶ್ರಾದ್ಧ’ ಮಾಡಿದ ಗಿರೀಶ ಕಾಸರವಳ್ಳಿಯವರು, ಮೂರು ದಶಕ ದಾಟಿದ ಮೇಲೆ ಅಮರೇಶ ನುಗಡೋಣಿಯವರ ‘ಸವಾರಿ’ ಕತೆಯಿಂದ ‘ಕನಸೆಂಬೋ ಕುದುರೆಯನೇರಿ’ ತೆಗೆದರು. ಕುಂದಗೋಳದ ಕಡೆಯ ನಮ್ಮ ಹಳ್ಳಿಯಲ್ಲಿ ಆರೇಳು ಮಂದಿ ಕೂಡಿ ನೋಡಿದೆವು. ಸುಲಭದ ಸಿನಿಮಾ ಅಲ್ಲ. ನಡೆದದ್ದನ್ನೇ ಎರಡು ಸಲ ಹೇಳುತ್ತದೆ. “ಇದನ್ನ ಈಗ ನೋಡಿದ್ವೆಲ್ಲೋ ತಮ್ಮಾ, ಮತ್ಯಾಕ ತೋರಸಾಕತ್ತಾನ?” ಎಂದು ಹಿರಿಯರೊಬ್ಬರು ಎದ್ದೇ ಬಿಡುವವರಿದ್ದರು.

ಕುಣಿ ತೋಡುವ ಈರ್ಯಾನ ಕನಸಿನಲ್ಲಿ ಸಿದ್ಧ ಬಂದರೆ ಊರಲ್ಲಿ ಒಂದು ಸಾವು. (ವೈಜನಾಥ ಬಿರಾದಾರ ಈರ್ಯಾನೇ ಆಗಿಬಿಟ್ಟಿದ್ದಾರೆ.) ಈ ಸಲವೂ ಸಿದ್ಧ ಬಂದ. ಆದರೆ ವಾಡೆಯಿಂದ ಬಂದ ಉತ್ತರ, ಗೌಡರು ಸತ್ತಿಲ್ಲ. ಕನಸು ಸುಳ್ಳಾಯಿತೆಂದು ಈರ್ಯಾ ಕುಸಿದ. ಪಾಪ, ಮೂಢನಂಬಿಕೆ ಅನಿಸುತ್ತದೆ ನೋಡುವವರಿಗೂ. ಎರಡನೆಯ ಸಲ ಹೇಳಿದಾಗ ತಿಳಿಯುತ್ತದೆ: ಗೌಡರು ಸತ್ತಿದ್ದರು, ಮುಚ್ಚಿಟ್ಟಿದ್ದರು.

ಕೇಳಿದ ಮಾತೆಂದು ನಂಬಬೇಡಿ, ರೂಢಿಯೆಂದು ನಂಬಬೇಡಿ ಎಂದು ಬುದ್ಧರು ಕಾಲಾಮರಿಗೆ ಹೇಳಿದರು. ಆ ಲೆಕ್ಕದಲ್ಲಿ ಕನಸು ಪ್ರಮಾಣವಲ್ಲ, ಒಪ್ಪೋಣ. ಆದರೆ ಹೇಳುವವನು ದೊಡ್ಡವನಂತೆ ಕಾಣುತ್ತಾನೆಂದೂ ನಂಬಬೇಡಿ ಎಂಬುದು ಅದೇ ಪಟ್ಟಿಯಲ್ಲಿದೆ. ಅದನ್ನು ನಾವು ಹೇಳುವುದು ಕಡಿಮೆ. ವಾಡೆ ಹೇಳಿದರೆ ಸುದ್ದಿ, ಕುಣಿ ತೋಡುವವ ಹೇಳಿದರೆ ಮೌಢ್ಯ!

ನೀನೇ ಪರೀಕ್ಷಿಸಿ ತಿಳಿ ಎಂದು ಈರ್ಯಾನಿಗೆ ಹೇಳಬಹುದು. ವಾಡೆಯ ಒಳಕೋಣೆಯ ತನಕ ಅವನನ್ನು ಬಿಡುವವರು ಯಾರು?

ಭವತು ಸಬ್ಬ ಮಂಗಲಂ.